ಲುವಾವನ್ನು ಹೈಕುವಿಗೆ ತರುವುದು ಹೇಗೆ: ಪೋರ್ಟಿಂಗ್ ಕಲಿಯುವವರಿಗೆ ಒಂದು ಮಾರ್ಗದರ್ಶಿ

"ಲಿನಕ್ಸ್‌ನಲ್ಲಿ ಓಡುವ ಲ್ಯಾಂಗ್ವೇಜನ್ನು ಬೇರೆ ಓಎಸ್‌ಗೆ ತರೋದು ಹೇಗೆ? ಎಲ್ಲಿಂದ ಶುರು ಮಾಡ್ಲಿ?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತಿದೆ. ಕೇಳುವವರಿಗೆ ಸಿ ಭಾಷೆ ಒಂದಿಷ್ಟು ಗೊತ್ತಿರುತ್ತದೆ, ಟರ್ಮಿನಲ್ ಕಂಡರೆ ಭಯ ಇರುವುದಿಲ್ಲ. ಆದರೆ ಸೋರ್ಸ್ ಕೋಡ್ ತೆರೆದು ಕೂತ ಮೇಲೆ ಮೊದಲ ಎರರ್‌ನಲ್ಲೇ ಕೈ ಚೆಲ್ಲುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು, ಒಂದೇ ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ.

ಭಾಷೆ ಲುವಾ 5.4. ಓಎಸ್, ಅಂದರೆ ಆಪರೇಟಿಂಗ್ ಸಿಸ್ಟಮ್, ಹೈಕು.

ಲುವಾ ಯಾಕೆ? ಅದು ಚಿಕ್ಕದು. 1993ರಲ್ಲಿ ರಿಯೊ ಡಿ ಜನೈರೊದ ಪಿಯುಸಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಭಾಷೆ ಶುದ್ಧ ಸಿಯಲ್ಲಿದೆ. ಕಂಪೈಲ್ ಆಗಲು ಒಂದು ನಿಮಿಷವೂ ಬೇಡ. ಹೈಕು ಯಾಕೆ? 2001ರಲ್ಲಿ ಬೀ ಕಂಪನಿಯ ಆಸ್ತಿಯನ್ನು ಪಾಮ್ ಕೊಂಡುಕೊಂಡು, ಬೀಯ ಓಎಸ್ ಆದ ಬೀಓಎಸ್ ನಿಂತುಹೋದಾಗ, ಅದನ್ನು ಮೊದಲಿಂದ ಮತ್ತೆ ಬರೆಯಲು ಹೊರಟವರ ಕೆಲಸ ಇದು. 2004ರಲ್ಲಿ ಹೈಕು ಎಂಬ ಹೆಸರು ಬಂತು, 2024ರ ಸೆಪ್ಟೆಂಬರಿನಲ್ಲಿ ಐದನೇ ಬೀಟಾ ಬಂತು. ನೋಡಲು ಯುನಿಕ್ಸ್ ಥರ, ಒಳಗೆ ಯುನಿಕ್ಸ್ ಅಲ್ಲ. ಪೋರ್ಟಿಂಗ್ ಕಲಿಯುವವರಿಗೆ ಇಂಥದ್ದೇ ಬೇಕು.

ಲುವಾ ಈಗಾಗಲೇ ಹೈಕುವಿನಲ್ಲಿ ಸಿಗುತ್ತದೆಯಲ್ವಾ ಎಂದು ಕೇಳಬಹುದು. ಸಿಗುತ್ತದೆ. ಅದಕ್ಕೇ ಆರಿಸಿದ್ದು. ಗಣಿತದ ಪುಸ್ತಕದ ಹಿಂದೆ ಉತ್ತರ ಇರುವ ಹಾಗೆ. ನೀವು ಮಾಡಿದ್ದನ್ನು ಬಲ್ಲವರು ಮಾಡಿದ್ದರ ಪಕ್ಕ ಇಟ್ಟು ನೋಡಬಹುದು. ಉತ್ತರ ಇಲ್ಲದ ಲೆಕ್ಕಕ್ಕೆ ಆಮೇಲೆ ಕೈ ಹಾಕಿ.

ಇನ್ನೊಂದು ಮಾತು. ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು ಅಂತ ಬೇರೆ ಹೇಳಬೇಕಿಲ್ಲ.

ಪೋರ್ಟ್ ಮಾಡುವುದು ಅಂದರೆ

ಒಂದು ಓಎಸ್‌ಗೆ ಬರೆದ ಪ್ರೋಗ್ರಾಂ ಇನ್ನೊಂದರಲ್ಲೂ ಓಡುವಂತೆ ಮಾಡುವುದು. ಹೊಸದಾಗಿ ಬರೆಯುವುದಲ್ಲ. ಯಾವುದೇ ಪ್ರೋಗ್ರಾಂ ತಾನು ಹುಟ್ಟಿದ ಮನೆಯ ಬಗ್ಗೆ ಕೆಲವು ವಿಷಯಗಳನ್ನು ಹಾಗೇ ನಂಬಿಕೊಂಡಿರುತ್ತದೆ. ಫೈಲುಗಳು ಇಂಥ ಕಡೆ ಇರುತ್ತವೆ, ಲೈಬ್ರರಿಗೆ ಇಂಥ ಹೆಸರು, ಫೈಲ್ ಸಿಗದಿದ್ದರೆ ಇಂಥ ಎರರ್ ನಂಬರ್, ಹೀಗೆ. ಹೊಸ ಮನೆಯಲ್ಲಿ ಇವುಗಳಲ್ಲಿ ಯಾವುದು ಸುಳ್ಳಾಗುತ್ತದೆ ಎಂದು ಹುಡುಕುವುದೇ ಮುಕ್ಕಾಲು ಕೆಲಸ. ತಿದ್ದುವುದು ಉಳಿದ ಕಾಲು. ನಾಲ್ಕು ಸಾಲಿನಲ್ಲಿ ಮುಗಿಯುವ ಕಡೆ ನಲವತ್ತು ಸಾಲು ತಿದ್ದಿದರೆ, ಮುಂದಿನ ಆವೃತ್ತಿ ಬಂದಾಗ ಆ ನಲವತ್ತನ್ನೂ ನೀವೇ ಹೊತ್ತು ಓಡಾಡಬೇಕು.

ಏನೇನು ಬೇಕು

ಹೈಕುವಿನ 64 ಬಿಟ್ ಐಎಸ್‌ಒ ಫೈಲ್, ಅದನ್ನು ಓಡಿಸಲು ವರ್ಚುವಲ್‌ಬಾಕ್ಸ್ ಅಥವಾ ಕ್ಯೂಇಎಂಯು. ಇವು ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಇದ್ದಂತೆ ನಟಿಸುವ ಪ್ರೋಗ್ರಾಂಗಳು. ಅದಕ್ಕೆ 2 ಜಿಬಿ ಮೆಮೊರಿ, 10 ಜಿಬಿ ಡಿಸ್ಕ್ ಕೊಡಿ. ಲುವಾಗೆ ಇದು ಜಾಸ್ತಿಯೇ ಆಯಿತು. ಲುವಾ 5.4ರ ಸೋರ್ಸ್ ಜತೆಗೆ ಅದೇ ಆವೃತ್ತಿಯ ಟೆಸ್ಟುಗಳನ್ನೂ ಇಳಿಸಿಕೊಳ್ಳಿ. ಟೆಸ್ಟುಗಳು ಬೇರೆ ಫೈಲಾಗಿ ಬರುತ್ತವೆ. ಆವೃತ್ತಿಯ ಕೊನೆಯ ಅಂಕಿಯೂ ಹೊಂದಬೇಕು, ಇಲ್ಲದಿದ್ದರೆ ಇಲ್ಲದ ತಪ್ಪುಗಳ ಬೆನ್ನು ಹತ್ತುತ್ತೀರಿ.

ಎಚ್ಚರಿಕೆ: 32 ಬಿಟ್ ಹೈಕು ಬೇಡ. ಹಳೇ ಬೀಓಎಸ್ ಪ್ರೋಗ್ರಾಂಗಳು ಓಡಲಿ ಎಂದು ಅದರಲ್ಲಿ ಮಾಮೂಲಿ ಕಂಪೈಲರ್ ಆಗಿ ಜಿಸಿಸಿಯ 2.95ನೇ ಆವೃತ್ತಿಯನ್ನೇ ಉಳಿಸಿಕೊಂಡಿದ್ದಾರೆ. ಅದು ಕಳೆದ ಶತಮಾನದ್ದು. ಹೊಸ ಕಂಪೈಲರ್ ಬೇಕಾದರೆ ಪ್ರತಿ ಸಲ ಸೆಟ್‌ಆರ್ಕ್ ಎಂಬ ಕಮಾಂಡ್ ಹೊಡೆದು ಬದಲಾಯಿಸಿಕೊಳ್ಳಬೇಕು. ಕಲಿಯುವಾಗ ಆ ಉಸಾಬರಿ ಯಾಕೆ?

1. ಮೊದಲು ಏನನ್ನೂ ಮುಟ್ಟದೆ ಮುರಿಯಲು ಬಿಡಿ

ಸೋರ್ಸ್ ಬಿಚ್ಚಿ. ಒಳಗೆ ಹೋಗಿ ಸುಮ್ನೆ ಮೇಕ್ ಅಂತ ಹೊಡೆಯಿರಿ. ಮೇಕ್ ಎಂದರೆ ಯಾವ ಫೈಲನ್ನು ಯಾವ ಕ್ರಮದಲ್ಲಿ ಕಂಪೈಲ್ ಮಾಡಬೇಕು ಎಂಬ ಪಟ್ಟಿಯನ್ನು ಓದಿ ನಡೆಸುವ ಪ್ರೋಗ್ರಾಂ. ಆ ಪಟ್ಟಿಗೆ ಮೇಕ್‌ಫೈಲ್ ಎನ್ನುತ್ತಾರೆ.

ಲುವಾದ ಮೇಕ್‌ಫೈಲ್ ಯುನೇಮ್ ಕಮಾಂಡ್ ಓಡಿಸಿ ಓಎಸ್‌ನ ಹೆಸರು ಕೇಳುತ್ತದೆ. ಹೈಕು ತನ್ನ ಹೆಸರು "ಹೈಕು" ಎನ್ನುತ್ತದೆ. ಮೇಕ್ ಆ ಹೆಸರಿನ ನಿಯಮ ಹುಡುಕುತ್ತದೆ. ಲಿನಕ್ಸ್, ಡಾರ್ವಿನ್, ಫ್ರೀಬಿಎಸ್‌ಡಿ, ಸನ್‌ಓಎಸ್ ಎಲ್ಲ ಇವೆ, ಹೈಕು ಇಲ್ಲ. "ನೋ ರೂಲ್ ಟು ಮೇಕ್ ಟಾರ್ಗೆಟ್ ಹೈಕು" ಎಂದು ನಿಂತುಬಿಡುತ್ತದೆ.

ಇದು ಒಳ್ಳೆಯ ಎರರ್. ಎಲ್ಲಿ ಕೈ ಇಡಬೇಕು ಎಂದು ಬೆರಳು ಮಾಡಿ ತೋರಿಸುತ್ತದೆ. ಬರುವ ಪ್ರತಿ ಎರರನ್ನೂ ಒಂದು ಪಠ್ಯ ಫೈಲಿನಲ್ಲಿ ಹಾಗೇ ಅಂಟಿಸಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

2. ಅತಿ ಸಣ್ಣ ರೂಪದಲ್ಲಿ ಒಮ್ಮೆ ಎಬ್ಬಿಸಿ

ಲುವಾದ ಮೇಕ್‌ಫೈಲಿನಲ್ಲಿ ಜೆನರಿಕ್ ಎಂಬ ಟಾರ್ಗೆಟ್, ಅಂದರೆ ಹೆಸರಿಟ್ಟ ನಿಯಮ, ಇದೆ. ಓಎಸ್‌ನ ಯಾವ ವಿಶೇಷವನ್ನೂ ಕೇಳದೆ, ಸಿ ಭಾಷೆಯ ಮಾಮೂಲಿ ಸೌಲಭ್ಯಗಳಿಂದಷ್ಟೇ ಕಟ್ಟುವ ರೂಪ. ಮೇಕ್ ಜೆನರಿಕ್ ಅಂತ ಹೊಡೆಯಿರಿ.

ಲಿಂಕರ್ ತಕರಾರು ತೆಗೆಯುವುದಿದ್ದರೆ ಇಲ್ಲೇ. ಕಂಪೈಲ್ ಆದ ತುಂಡುಗಳನ್ನು ಲೈಬ್ರರಿಗಳ ಜತೆ ಜೋಡಿಸಿ ಒಂದು ಪ್ರೋಗ್ರಾಂ ಮಾಡುವವನೇ ಲಿಂಕರ್. ಲುವಾದ ಮೇಕ್‌ಫೈಲಿನಲ್ಲಿ "ಮೈನಸ್ ಎಲ್ ಎಂ" ಎಂಬ ಆಯ್ಕೆ ಖಾಯಂ ಆಗಿ ಕೂತಿದೆ. ಗಣಿತದ ಲೈಬ್ರರಿ ಜೋಡಿಸು ಎಂದು ಅದರ ಅರ್ಥ. ಲಿನಕ್ಸ್‌ನಲ್ಲಿ ಅದು ಬೇರೆ ಲೈಬ್ರರಿ. ಹೈಕುವಿನಲ್ಲಿ ಗಣಿತ, ಥ್ರೆಡ್, ಓಡುತ್ತಿರುವಾಗಲೇ ಲೈಬ್ರರಿ ತೆರೆಯುವ ಡಿಎಲ್‌ಓಪನ್, ಎಲ್ಲವೂ ಲಿಬ್‌ರೂಟ್ ಎಂಬ ಒಂದೇ ಲೈಬ್ರರಿಯೊಳಗೆ ಇವೆ. ಅದು ಕೇಳದೆಯೇ ಜೋಡಣೆಯಾಗುತ್ತದೆ. ಹಾಗಾಗಿ ಎಂ, ಪಿಥ್ರೆಡ್, ಡಿಎಲ್ ಈ ಮೂರನ್ನು ಕೇಳುವ ಆಯ್ಕೆಗಳನ್ನು ತೆಗೆದರೆ ಏನೂ ಕಳೆದುಕೊಳ್ಳುವುದಿಲ್ಲ. "ಸಿಗಲಿಲ್ಲ" ಎಂದು ಲಿಂಕರ್ ಹೇಳಿದರೆ ಲೈಬ್ರರಿ ಹುಡುಕಿಕೊಂಡು ಹೋಗಬೇಡಿ, ಆಯ್ಕೆ ಅಳಿಸಿ.

ಕೆಲವರು ಖಾಲಿ ಲೈಬ್ರರಿಯೊಂದನ್ನು ಆ ಹೆಸರಿನಲ್ಲಿ ಮಾಡಿಟ್ಟು ಲಿಂಕರ್ ಬಾಯಿ ಮುಚ್ಚಿಸುತ್ತಾರೆ. ನಿಮ್ಮ ಯಂತ್ರದಲ್ಲಿ ಅದು ಓಡುತ್ತದೆ, ಬೇರೆಯವರ ಯಂತ್ರದಲ್ಲಿ ಓಡುವುದಿಲ್ಲ. ಅದು ಪೋರ್ಟ್ ಅಲ್ಲ.

ಈಗ ಲುವಾ ಎದ್ದಿರಬೇಕು. ಒಳಗೆ ಹೋಗಿ ಎರಡು ಮತ್ತು ಎರಡು ಕೂಡಿಸಿ ನೋಡಿ, ಖುಷಿ ಪಡಿ. ಆಮೇಲೆ ಐಓ ಪೀಓಪನ್ ಕರೆದು ನೋಡಿ. ಬೇರೆ ಕಮಾಂಡ್ ಓಡಿಸಿ ಅದರ ಉತ್ತರ ಓದುವ ಫಂಕ್ಷನ್ ಅದು. "ಪೀಓಪನ್ ನಾಟ್ ಸಪೋರ್ಟೆಡ್" ಅನ್ನುತ್ತದೆ. ಸಿಯಲ್ಲಿ ಬರೆದ ಮಾಡ್ಯೂಲ್ ತೆರೆಯಲು ಹೋದರೆ "ಡೈನಾಮಿಕ್ ಲೈಬ್ರರೀಸ್ ನಾಟ್ ಎನೇಬಲ್ಡ್" ಅನ್ನುತ್ತದೆ. ಬಹಳ ಮಂದಿ ಜೆನರಿಕ್ ಎದ್ದ ಕೂಡಲೇ ಪೋರ್ಟ್ ಮುಗಿಯಿತು ಅಂದುಕೊಳ್ಳುತ್ತಾರೆ. ಇದು ಅರ್ಧ ಲುವಾ.

3. ಹೈಕುವಿಗೆ ಅದರದೇ ಟಾರ್ಗೆಟ್ ಬರೆಯಿರಿ

ಎಸ್‌ಆರ್‌ಸಿ ಫೋಲ್ಡರಿನ ಮೇಕ್‌ಫೈಲ್ ತೆರೆಯಿರಿ. ಲಿನಕ್ಸ್ ಟಾರ್ಗೆಟ್ ಹೇಗಿದೆ ನೋಡಿ. ಕೆಲವೇ ಸಾಲು. ಅದನ್ನು ನಕಲು ಮಾಡಿ ಹೈಕು ಎಂದು ಹೆಸರಿಡಿ. ಬದಲಾವಣೆ ಇಷ್ಟೇ:

ಲಿನಕ್ಸ್ ಟಾರ್ಗೆಟ್ "ಲುವಾ ಯೂಸ್ ಲಿನಕ್ಸ್" ಎಂಬ ಗುರುತನ್ನು ಕಂಪೈಲರಿಗೆ ಕೊಡುತ್ತದೆ. ನೀವು ಅದರ ಬದಲು "ಲುವಾ ಯೂಸ್ ಪೋಸಿಕ್ಸ್" ಮತ್ತು "ಲುವಾ ಯೂಸ್ ಡಿಎಲ್‌ಓಪನ್" ಎಂಬ ಎರಡು ಗುರುತು ಕೊಡಿ. ಪೋಸಿಕ್ಸ್ ಎಂದರೆ ಯುನಿಕ್ಸ್ ಬಳಗದ ಓಎಸ್‌ಗಳು ಇಂತಿಂಥ ಫಂಕ್ಷನ್ ಕೊಡಲೇಬೇಕು ಎಂಬ ಒಪ್ಪಂದ. ಹೈಕು ಅದರಲ್ಲಿ ಹೆಚ್ಚಿನದನ್ನು ಪಾಲಿಸುತ್ತದೆ. ಲಿನಕ್ಸ್ ಗುರುತು ಕೊಟ್ಟರೂ ಇವತ್ತು ಕೆಲಸ ಆಗಬಹುದು. ಆದರೆ ನಾಳೆ ಲುವಾದವರು ಆ ಗುರುತಿನಡಿ ನಿಜವಾಗಿ ಲಿನಕ್ಸ್‌ಗೆ ಮಾತ್ರ ಸೇರಿದ್ದನ್ನು ಹಾಕಿದರೆ? ಸುಳ್ಳು ಹೇಳಿ ಓಡಿಸುವುದಕ್ಕಿಂತ ನಿಜ ಹೇಳಿ ಓಡಿಸುವುದು ಒಳ್ಳೆಯದು. ಡಿಎಲ್ ಲೈಬ್ರರಿ ಕೇಳುವ ಆಯ್ಕೆಯನ್ನು ಅಳಿಸಿಬಿಡಿ, ಕಾರಣ ಆಗಲೇ ಹೇಳಿದೆ.

ಇಲ್ಲಿ ಎಡವುವ ಜಾಗ ಮೂರು.

ಒಂದು, ಮೇಕ್‌ಫೈಲಿನಲ್ಲಿ ಕಮಾಂಡ್ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಎಡಿಟರ್ ಸದ್ದಿಲ್ಲದೆ ಎಂಟು ಸ್ಪೇಸ್ ಹಾಕಿದ್ದರೆ ಮೇಕ್ ಒಪ್ಪುವುದಿಲ್ಲ.

ಎರಡು, ಯುನೇಮ್ ಕೊಡುವ ಹೆಸರಿನ ಮೊದಲ ಅಕ್ಷರ ದೊಡ್ಡದು. ಮೇಕ್‌ಗೆ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಟಾರ್ಗೆಟ್‌ಗೆ ಎರಡೂ ಹೆಸರು ಕೊಡಿ. ಲಿನಕ್ಸ್ ಟಾರ್ಗೆಟ್‌ನಲ್ಲೂ ಹೀಗೇ ಮಾಡಿದ್ದಾರೆ.

ಮೂರು, ಲುವಾದಲ್ಲಿ ಮೇಕ್‌ಫೈಲ್ ಎರಡಿವೆ, ಹೊರಗೊಂದು, ಎಸ್‌ಆರ್‌ಸಿ ಒಳಗೊಂದು. ಒಳಗಿನದನ್ನಷ್ಟೇ ತಿದ್ದಿದರೆ ಬರೀ ಮೇಕ್ ಓಡುತ್ತದೆ, ಮೇಕ್ ಹೈಕು ಓಡುವುದಿಲ್ಲ. ಹೊರಗಿನದರ ಪಟ್ಟಿಯಲ್ಲೂ ಹೆಸರು ಸೇರಿಸಬೇಕು. "ಒಮ್ಮೆ ಆಗುತ್ತೆ, ಒಮ್ಮೆ ಆಗಲ್ಲ" ಎಂದು ಬರುವ ದೂರುಗಳಲ್ಲಿ ಅರ್ಧ ಇದೇ.

4. ಎಲ್ಲಿ ಇಡಬೇಕು ಎಂದು ತಿಳಿದುಕೊಳ್ಳಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜಾಸ್ತಿ ತಲೆ ತಿನ್ನುವುದು ಇದು.

ಲುವಾ ತನ್ನನ್ನು ಯುಎಸ್‌ಆರ್ ಲೋಕಲ್ ಎಂಬ ಫೋಲ್ಡರಿನ ಅಡಿಯಲ್ಲಿ ಇಡುತ್ತಾರೆ ಎಂದು ನಂಬಿದೆ. ಹೈಕುವಿನಲ್ಲಿ ಫೈಲುಗಳ ಬುಡ, ಅಂದರೆ ರೂಟ್, ಡಿಸ್ಕಿನ ಮೇಲೆ ಇಲ್ಲ. ಅದು ಮೆಮೊರಿಯಲ್ಲಿ ಇರುವ ಒಂದು ತೋರಿಕೆ. ಅಲ್ಲಿ ಫೋಲ್ಡರ್ ಮಾಡಬಹುದು, ಲಿಂಕ್ ಮಾಡಬಹುದು, ಫೈಲ್ ಇಡಲು ಬರುವುದಿಲ್ಲ. ರೀಬೂಟ್ ಮಾಡಿದರೆ ಮಾಡಿದ್ದೆಲ್ಲ ಮಾಯ. ನಾನೊಮ್ಮೆ ಅಲ್ಲಿ ಅಚ್ಚುಕಟ್ಟಾಗಿ ಲಿಂಕುಗಳನ್ನು ಕಟ್ಟಿ, ಮರುದಿನ ಬೆಳಿಗ್ಗೆ ಎಲ್ಲಿ ಹೋದವು ಎಂದು ಹುಡುಕಿದ್ದೇನೆ.

ಸರಿ, ಬೂಟ್ ಕೆಳಗಿನ ಸಿಸ್ಟಮ್ ಫೋಲ್ಡರಿಗೆ ಹಾಕೋಣ ಅಂದರೆ ಅದೂ ಆಗದು. ಅದರಲ್ಲಿ ಬಹುಪಾಲು ಬರೆಯಲು ಬಾರದ್ದು. ಹೈಕುವಿನಲ್ಲಿ ಪ್ಯಾಕೇಜ್ ಬಿಚ್ಚಿ ಫೈಲುಗಳನ್ನು ಹರಡುವ ಪದ್ಧತಿ ಇಲ್ಲ. ಪ್ಯಾಕೇಜ್ ಫೈಲ್ ಇದ್ದ ಹಾಗೇ ಇರುತ್ತದೆ, ಅದರೊಳಗಿನ ಫೈಲುಗಳು ಆ ಜಾಗದಲ್ಲಿ ಇದ್ದಂತೆ ಕಾಣಿಸುತ್ತವೆ. ಅಲ್ಲಿಗೆ ಕೈಯಾರೆ ನಕಲು ಮಾಡಲು ಹೋದರೆ "ರೀಡ್ ಓನ್ಲಿ" ಎಂಬ ಉತ್ತರ ಬರುತ್ತದೆ. ಕೈಯಾರೆ ಇಡುವವರಿಗೆಂದೇ ನಾನ್ ಪ್ಯಾಕೇಜ್ಡ್ ಎಂಬ ಫೋಲ್ಡರ್ ಬಿಟ್ಟಿದ್ದಾರೆ. ಪ್ರಯೋಗಕ್ಕೆ ನಿಮ್ಮ ಹೋಮ್ ಅಡಿಯ ಕಾನ್ಫಿಗ್ ಫೋಲ್ಡರಿನಲ್ಲಿರುವ ನಾನ್ ಪ್ಯಾಕೇಜ್ಡ್ ಸಾಕು.

ಈಗ ಎರಡು ಕಡೆ ತಿದ್ದಬೇಕು. ಹೊರಗಿನ ಮೇಕ್‌ಫೈಲಿನ "ಇನ್‌ಸ್ಟಾಲ್ ಟಾಪ್" ಒಂದು. ಲುವಾಕಾನ್ಫ್ ಎಂಬ ಹೆಡರ್ ಫೈಲಿನ "ಲುವಾ ರೂಟ್" ಇನ್ನೊಂದು. ಮೊದಲನೆಯದು ಫೈಲುಗಳನ್ನು ಎಲ್ಲಿ ಇಡಬೇಕು ಎನ್ನುತ್ತದೆ. ಎರಡನೆಯದು ಲುವಾ ಓಡುವಾಗ ಮಾಡ್ಯೂಲುಗಳನ್ನು ಎಲ್ಲಿ ಹುಡುಕಬೇಕು ಎನ್ನುತ್ತದೆ. ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೆ ಲುವಾ ಎದ್ದು ಕೂರುತ್ತದೆ, ಆದರೆ ಮಾಡ್ಯೂಲ್ ತರಿಸಲು ರಿಕ್ವೈರ್ ಎಂದ ಕೂಡಲೇ ಯುಎಸ್‌ಆರ್ ಲೋಕಲ್‌ನ ದಾರಿಗಳನ್ನು ಪಟ್ಟಿ ಮಾಡಿ "ಮಾಡ್ಯೂಲ್ ನಾಟ್ ಫೌಂಡ್" ಅನ್ನುತ್ತದೆ. ಪ್ಯಾಕೇಜ್ ಪಾತ್ ಮತ್ತು ಪ್ಯಾಕೇಜ್ ಸಿಪಾತ್ ಎಂಬ ಎರಡು ವೇರಿಯೇಬಲ್ ಪ್ರಿಂಟ್ ಮಾಡಿ ನೋಡಿದರೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಚಿಕ್ಕ ವಿಷಯ. ಹೈಕುವಿನಲ್ಲಿ ಹೆಡರ್ ಫೈಲುಗಳು ಇನ್‌ಕ್ಲೂಡ್‌ನಲ್ಲಿ ಇರುವುದಿಲ್ಲ, ಡೆವಲಪ್ ಒಳಗಿನ ಹೆಡರ್ಸ್‌ನಲ್ಲಿ ಇರುತ್ತವೆ. ಮ್ಯಾನ್ ಪುಟಗಳು, ಅಂದರೆ ಕಮಾಂಡುಗಳ ಕೈಪಿಡಿ, ಡಾಕ್ಯುಮೆಂಟೇಶನ್ ಒಳಗೆ. ಷೇರ್ ಎಂಬ ಫೋಲ್ಡರಿನ ಕೆಲಸವನ್ನು ಇಲ್ಲಿ ಡೇಟಾ ಎಂಬ ಫೋಲ್ಡರ್ ಮಾಡುತ್ತದೆ.

5. ಎರರ್ ನಂಬರ್ ನೋಡಿ ಬೆಚ್ಚಬೇಡಿ

ಲುವಾ ತೆರೆದು ಇಲ್ಲದ ಒಂದು ಫೈಲನ್ನು ಐಓ ಓಪನ್‌ನಿಂದ ತೆರೆಯಲು ನೋಡಿ, ಬಂದದ್ದನ್ನು ಪ್ರಿಂಟ್ ಮಾಡಿ. ಮೂರು ಉತ್ತರ ಬರುತ್ತವೆ: ನಿಲ್, "ನೋ ಸಚ್ ಫೈಲ್" ಎಂಬ ಸಂದೇಶ, ಒಂದು ನಂಬರ್. ಲಿನಕ್ಸ್‌ನಲ್ಲಿ ಆ ನಂಬರ್ 2. ಹೈಕುವಿನಲ್ಲಿ -2147459069.

ಏನೋ ಕೆಟ್ಟುಹೋಯಿತು ಅನ್ನಿಸುತ್ತದೆ ಅಲ್ವಾ? ಏನೂ ಕೆಟ್ಟಿಲ್ಲ. ಪೋಸಿಕ್ಸ್ ಪ್ರಕಾರ ಎರರ್ ನಂಬರುಗಳು ಸೊನ್ನೆಗಿಂತ ಹೆಚ್ಚಿರಬೇಕು. ಬೀಓಎಸ್ ಕಾಲದಿಂದ ಬಂದ ಪದ್ಧತಿಯಂತೆ ಹೈಕುವಿನಲ್ಲಿ ಎಲ್ಲವೂ ಸೊನ್ನೆಗಿಂತ ಕಡಿಮೆ. ಹಳೇ ಪ್ರೋಗ್ರಾಂಗಳಿಗಾಗಿ ಹಾಗೇ ಉಳಿಸಿಕೊಂಡಿದ್ದಾರೆ. ಲುವಾ ಆ ನಂಬರನ್ನು ನಮಗೆ ದಾಟಿಸುತ್ತದೆ ಅಷ್ಟೇ, ಅದರ ಮೇಲೆ ಯಾವ ಲೆಕ್ಕವನ್ನೂ ಕಟ್ಟಿಲ್ಲ. ಹಾಗಾಗಿ ಇಲ್ಲಿ ಏನೂ ತಿದ್ದಬೇಕಿಲ್ಲ. ಆದರೆ ದೊಡ್ಡ ಭಾಷೆಗಳಲ್ಲಿ "ಉತ್ತರ ಸೊನ್ನೆಗಿಂತ ಕಡಿಮೆ ಇದ್ದರೆ ತಪ್ಪು, ಅದರ ಚಿಹ್ನೆ ತಿರುಗಿಸಿದರೆ ಎರರ್ ನಂಬರ್" ಎಂದು ಬರೆದ ಕೋಡ್ ಬೇಕಾದಷ್ಟು ಸಿಗುತ್ತದೆ. ಅಲ್ಲಿ ಚಿಹ್ನೆ ಎರಡು ಸಲ ತಿರುಗಿ, ತಪ್ಪಾದದ್ದೇ ಸರಿಯಾದಂತೆ ಕಾಣುತ್ತದೆ. ಪ್ರೋಗ್ರಾಂ ಕ್ರ್ಯಾಶ್ ಆಗುವುದಿಲ್ಲ, ಸುಮ್ನೆ ತಪ್ಪು ಕೆಲಸ ಮಾಡುತ್ತದೆ. ಇಂಥ ಕಡೆಗೆಂದೇ ನಂಬರುಗಳನ್ನು ತಿರುಗಿಸಿ ಕೊಡುವ ಪೋಸಿಕ್ಸ್ ಎರರ್ ಮ್ಯಾಪರ್ ಎಂಬ ಲೈಬ್ರರಿ ಹೈಕುವಿನಲ್ಲಿದೆ. ಬೇರೆ ದಾರಿ ಇಲ್ಲದಾಗ ಮಾತ್ರ ಬಳಸಿ.

6. ಟೆಸ್ಟ್ ಓಡಿಸಿ

ಟೆಸ್ಟ್ ಫೋಲ್ಡರಿಗೆ ಹೋಗಿ. ಅಂಡರ್‌ಸ್ಕೋರ್ ಯು ಎಂಬ ವೇರಿಯೇಬಲನ್ನು ಟ್ರೂ ಮಾಡಿ ಆಲ್ ಡಾಟ್ ಲುವಾ ಓಡಿಸಿ. ಆ ವೇರಿಯೇಬಲ್ ಇಟ್ಟರೆ ಯಂತ್ರಕ್ಕೆ ಯಂತ್ರಕ್ಕೆ ಬದಲಾಗುವ ಕಠಿಣ ಟೆಸ್ಟುಗಳನ್ನು ಬಿಟ್ಟು ಮೂಲದ್ದನ್ನಷ್ಟೇ ನೋಡುತ್ತದೆ. ಕೊನೆಯಲ್ಲಿ "ಫೈನಲ್ ಓಕೆ" ಎಂದು ಮೂರು ಆಶ್ಚರ್ಯಚಿಹ್ನೆ ಸಮೇತ ಬಂದರೆ ಒಂದು ಟೀ ಕುಡಿದು ಬನ್ನಿ.

ಬರದಿದ್ದರೆ ಯಾವ ಫೈಲಿನ ಯಾವ ಸಾಲಿನಲ್ಲಿ ನಿಂತಿತು ಎಂದು ತೆರೆದು ಓದಿ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ತಪ್ಪಿದ್ದು ನನ್ನ ಪೋರ್ಟೋ, ಟೆಸ್ಟ್ ಬರೆದವರ ನಂಬಿಕೆಯೋ? ಟೆಸ್ಟನ್ನು ಅಳಿಸಿ ಮುಂದೆ ಹೋಗುವುದು ಸುಲಭ. ಅಳಿಸಲೇಬೇಕಾದರೆ ಯಾಕೆ ಅಂತ ಒಂದು ಸಾಲು ಬರೆದಿಡಿ.

ನಾನು ನನ್ನದೇ ಒಂದು ಟೆಸ್ಟ್ ಸೇರಿಸುತ್ತೇನೆ. "ಕನ್ನಡ" ಎಂಬ ಪದವನ್ನು ಲುವಾಗೆ ಕೊಟ್ಟು, ಹ್ಯಾಶ್ ಚಿಹ್ನೆಯಿಂದ ಉದ್ದ ಕೇಳಿ. 15 ಎನ್ನಬೇಕು. ಯುಟಿಎಫ್ 8 ಲೈಬ್ರರಿಯ ಲೆನ್ ಫಂಕ್ಷನ್‌ನಿಂದ ಕೇಳಿದರೆ 5. ಕ, ನ, ಒತ್ತಕ್ಷರ ಮಾಡುವ ವಿರಾಮದ ಗುರುತು (್), ನ, ಡ. ಒಂದೊಂದಕ್ಕೂ ಮೂರು ಬೈಟ್. ಈ ಎರಡು ಅಂಕಿ ಸರಿ ಬಂದರೆ ಅಕ್ಷರಗಳು ಹಾಳಾಗದೆ ಒಳಗೆ ಹೋಗುತ್ತಿವೆ ಎಂದರ್ಥ. ತೆರೆಯ ಮೇಲೆ ಒತ್ತಕ್ಷರ ಸರಿಯಾಗಿ ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಕಂಡರೆ ಲುವಾವನ್ನು ಬೈಯಬೇಡಿ. ನಮ್ಮಂಥ ಲಿಪಿಗಳ ಅಕ್ಷರ ಜೋಡಿಸುವ ಕೆಲಸ ಹೈಕುವಿನಲ್ಲಿ ಇನ್ನೂ ಬಾಕಿ ಇದೆ.

ಕೊನೆಗೆ ಸಿಯಲ್ಲಿ ಹತ್ತು ಸಾಲಿನ ಮಾಡ್ಯೂಲ್ ಒಂದನ್ನು ಬರೆದು ಲುವಾದೊಳಗೆ ತೆರೆದು ನೋಡಿ. ಅದನ್ನು ಕಟ್ಟುವಾಗ ಲುವಾದ ಲೈಬ್ರರಿಯನ್ನು ಅದಕ್ಕೆ ಜೋಡಿಸಬೇಡಿ. ಜೋಡಿಸಿದರೆ ಒಂದೇ ಪ್ರೋಗ್ರಾಂ ಒಳಗೆ ಎರಡು ಲುವಾ ಕೂತು, ಎಲ್ಲೋ ಸಂಬಂಧವಿಲ್ಲದ ಜಾಗದಲ್ಲಿ ಕ್ರ್ಯಾಶ್ ಆಗುತ್ತದೆ.

7. ರೆಸಿಪಿ ಬರೆದು ಪ್ಯಾಕೇಜ್ ಮಾಡಿ

ನಿಮ್ಮ ಯಂತ್ರದಲ್ಲಿ ಓಡಿದ್ದು ಎಲ್ಲರ ಯಂತ್ರದಲ್ಲೂ ಓಡಬೇಕಲ್ಲ. ಹೈಕುವಿನಲ್ಲಿ ಅದಕ್ಕೆ ಹೈಕುಪೋರ್ಟರ್ ಎಂಬ ಸಾಧನ ಇದೆ, ಪೈಥಾನಿನಲ್ಲಿ ಬರೆದದ್ದು. ಅದಕ್ಕೆ ಕೊಡುವ ಫೈಲಿನ ಹೆಸರು ರೆಸಿಪಿ. ಅಡುಗೆಯ ಹಾಗೇ: ಸೋರ್ಸ್ ಎಲ್ಲಿ ಸಿಗುತ್ತದೆ, ಅದು ಅಸಲಿಯೋ ಎಂದು ನೋಡುವ ಚೆಕ್‌ಸಮ್ ಏನು, ಕಟ್ಟಲು ಏನೇನು ಬೇಕು, ಹೇಗೆ ಕಟ್ಟಬೇಕು, ಎಲ್ಲಿ ಇಡಬೇಕು. ಮೇಲೆ ಮಾಡಿದ ತಿದ್ದುಪಡಿಗಳು ಪ್ಯಾಚ್‌ಸೆಟ್ ಎಂಬ ಫೈಲಾಗಿ ಪಕ್ಕದಲ್ಲಿ ಕೂರುತ್ತವೆ. ಯಾವ ಸಾಲು ಹೋಯಿತು, ಯಾವ ಸಾಲು ಬಂತು ಎಂಬ ಪಟ್ಟಿಯೇ ಪ್ಯಾಚ್.

ಹೈಕುಪೋರ್ಟರ್ ಬೇಲಿ ಹಾಕಿದ ಜಾಗವೊಂದನ್ನು ಮಾಡಿ ಅದರೊಳಗೆ ಕಟ್ಟುತ್ತದೆ. ರೆಸಿಪಿಯಲ್ಲಿ ನೀವು ಹೆಸರಿಸಿದ್ದಷ್ಟೇ ಅಲ್ಲಿರುತ್ತದೆ. "ನನ್ನಲ್ಲಿ ಮೇಕ್ ಇದೆಯಲ್ಲ, ಇಲ್ಲಿ ಸಿಗಲಿಲ್ಲ ಅನ್ನುತ್ತಲ್ಲ?" ಎಂಬ ಗೊಂದಲ ಇದರಿಂದಲೇ. ಮೇಕ್, ಜಿಸಿಸಿ ಎರಡನ್ನೂ ಹೆಸರಿಸಿ. ಇಲ್ಲಿ ದಾರಿಗಳನ್ನು ಕೈಯಾರೆ ಬರೆಯಬೇಡಿ. ಪ್ರಿಫಿಕ್ಸ್, ಇನ್‌ಕ್ಲೂಡ್‌ಡಿರ್, ಡೇಟಾಡಿರ್ ಎಂಬ ವೇರಿಯೇಬಲುಗಳನ್ನು ಅದೇ ಕೊಡುತ್ತದೆ.

ಕೊನೆಯಲ್ಲಿ ಎಚ್‌ಪಿಕೆಜಿ ಎಂಬ ಫೈಲ್ ಸಿಗುತ್ತದೆ. ಸಿಸ್ಟಮ್ ಒಳಗಿನ ಪ್ಯಾಕೇಜಸ್ ಫೋಲ್ಡರಿಗೆ ಅದನ್ನು ಹಾಕಿದರೆ ಇನ್‌ಸ್ಟಾಲ್ ಆಯಿತು. ಹೊರಗೆ ತೆಗೆದರೆ ಹೋಯಿತು. ಎಡವಟ್ಟಾಗಿ ಸಿಸ್ಟಮ್ಮೇ ಏಳದಿದ್ದರೆ ಬೂಟ್ ಆಗುವಾಗ ಶಿಫ್ಟ್ ಹಿಡಿದುಕೊಳ್ಳಿ, ಯುಇಎಫ್‌ಐ (ಹೊಸ ಯಂತ್ರಗಳ ಬೂಟ್ ವ್ಯವಸ್ಥೆ) ಇದ್ದರೆ ಸ್ಪೇಸ್ ಒತ್ತುತ್ತಿರಿ. ಬರುವ ಮೆನುವಿನಲ್ಲಿ ಹಿಂದಿನ ಸ್ಥಿತಿ ಆರಿಸಿಕೊಳ್ಳಬಹುದು.

ಪ್ಯಾಚನ್ನು ಮೂಲ ಲೇಖಕರಿಗೂ ಕಳಿಸಬೇಕೇ ಎಂದು ಕೇಳುತ್ತಾರೆ. ಸಾಮಾನ್ಯವಾಗಿ ಹೌದು. ಲುವಾ ಇದಕ್ಕೆ ಹೊರತು. ಅದರ ಕೋಡ್ ಎಲ್ಲರಿಗೂ ಮುಕ್ತ, ಆದರೆ ಬರೆಯುವವರು ಅದೇ ಸಣ್ಣ ತಂಡ. ಹೊರಗಿನವರ ಕೋಡನ್ನು ಅವರು ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ನಿಮ್ಮ ಪ್ಯಾಚ್ ಹೈಕುಪೋರ್ಟ್ಸ್ ಎಂಬ ರೆಸಿಪಿಗಳ ಸಂಗ್ರಹದಲ್ಲೇ ಇರಬೇಕು. ಈಗ ಅಲ್ಲಿರುವ ಲುವಾದ ರೆಸಿಪಿ ತೆರೆದು ನಿಮ್ಮದರ ಪಕ್ಕ ಇಡಿ. ಮೊದಲೇ ನೋಡಿದ್ದರೆ ಇಷ್ಟು ಕಲಿಯುತ್ತಿರಲಿಲ್ಲ.

ದೊಡ್ಡ ಭಾಷೆಗಳ ಬಗ್ಗೆ

ಗೋ, ರಸ್ಟ್ ಇವನ್ನು ಹೀಗೆ ತರಬಹುದೇ? ದಾರಿ ಇದೇ, ಆದರೆ ಬಾಗಿಲಲ್ಲೇ ಒಂದು ಕಗ್ಗಂಟು ಇದೆ. ರಸ್ಟ್ ಕಂಪೈಲರ್ ಬರೆದಿರುವುದು ರಸ್ಟ್‌ನಲ್ಲೇ. ಗೋ ಕೂಡ 2015ರ 1.5ನೇ ಆವೃತ್ತಿಯಿಂದ ಗೋದಲ್ಲೇ ಇದೆ. ಅದನ್ನು ಕಟ್ಟಲು ಅದೇ ಬೇಕು. ಮೊಟ್ಟೆ ಮೊದಲೋ ಕೋಳಿ ಮೊದಲೋ ಎಂಬ ಕಥೆ. ಬಿಡಿಸುವುದು ಹೀಗೆ: ಲಿನಕ್ಸ್ ಯಂತ್ರದಲ್ಲಿ ಕೂತು, ಹೈಕುವಿನಲ್ಲಿ ಓಡುವ ಕಂಪೈಲರನ್ನು ತಯಾರಿಸಿ, ಅದನ್ನು ಹೈಕುವಿಗೆ ಒಯ್ದು, ಅಲ್ಲಿ ಅದರಿಂದಲೇ ಅದನ್ನು ಮತ್ತೆ ಕಟ್ಟುವುದು. ಮೊದಲರ್ಧಕ್ಕೆ ಕ್ರಾಸ್ ಕಂಪೈಲ್ ಎನ್ನುತ್ತಾರೆ, ಇಡೀ ಆಟಕ್ಕೆ ಬೂಟ್‌ಸ್ಟ್ರ್ಯಾಪ್. ಇಲ್ಲಿ ಮೇಕ್‌ಫೈಲ್ ತಿದ್ದಿದರೆ ಸಾಲದು. ಓಎಸ್‌ನ ಪ್ರತಿ ರಚನೆ, ಪ್ರತಿ ಸ್ಥಿರಾಂಕ ಎಷ್ಟು ಬೈಟ್, ಯಾವ ಬೆಲೆ ಎಂದು ಆ ಭಾಷೆಯಲ್ಲಿ ಮತ್ತೆ ಬರೆಯಬೇಕು. ವಾರಗಟ್ಟಲೆ ಕೆಲಸ. ಮೊದಲ ಪೋರ್ಟ್‌ಗೆ ಬೇಡವೇ ಬೇಡ.

ಲುವಾ ಆದ ಮೇಲೆ ಲುವಾಸಾಕೆಟ್ ಹಿಡಿಯಿರಿ. ನೆಟ್‌ವರ್ಕ್ ಬಳಸುವ ಮಾಡ್ಯೂಲ್ ಅದು, ಸಿಯಲ್ಲೇ ಇದೆ. ಅಲ್ಲಿ ತಿರುಗಾಮುರುಗಾ ಕಾಣುತ್ತೀರಿ. ಲಿನಕ್ಸ್‌ನಲ್ಲಿ ಸಾಕೆಟ್ ಫಂಕ್ಷನುಗಳು ಮಾಮೂಲಿ ಸಿ ಲೈಬ್ರರಿಯೊಳಗೇ ಇವೆ, ಹೈಕುವಿನಲ್ಲಿ ಲಿಬ್‌ನೆಟ್‌ವರ್ಕ್ ಎಂಬ ಬೇರೆ ಲೈಬ್ರರಿಯಲ್ಲಿ. ಅಂದರೆ ಈ ಸಲ ಲಿಂಕರ್ ಸಾಲಿನಿಂದ ಅಳಿಸುವುದಲ್ಲ, "ಮೈನಸ್ ಎಲ್ ನೆಟ್‌ವರ್ಕ್" ಎಂದು ಸೇರಿಸುವುದು.